ನುಣುಪು

"ಕರಕರ ಸದ್ದೇ ಇಲ್ವಲ್ಲೋ! ಏನು ಮಾಟ ಮಾಡ್ದೆ?" ಅಣ್ಣನ ಕೈಯಲ್ಲಿ ಪೆನ್ನು ಓಡುತ್ತಿದ್ದಂತೆ ಅತ್ತಿಗೆ ಬೆರಗಾದಳು.

"ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಗ್ತಿದೆ ನೋಡಿ ಅತ್ತಿಗೆ," ತಮ್ಮ ಬೀಗಿದ. ಪೆನ್ನು ರಿಪೇರಿಯೇ ಅವನ ಕಸುಬು. ಮನೆಯವರ ಬಾಯಲ್ಲಿ ಅವನು ನಿಬ್ ಡಾಕ್ಟರ್. ಮಧ್ಯಾಹ್ನ ಅಣ್ಣನಿಗೆ ಜೊಂಪು ಹತ್ತಿದಾಗ ದಿಂಬಿನ ಪಕ್ಕದ ಪೆನ್ನನ್ನು ಮೆಲ್ಲಗೆ ಎತ್ತಿಕೊಂಡು ಹೋಗಿ, ಸವೆದ ನಿಬ್ಬಿನ ತುದಿಯನ್ನು ಉಜ್ಜಿ, ಸಾಲದೆಂದು ಮತ್ತೆ ಉಜ್ಜಿ, ತಾನೇ ಬರೆದು ನೋಡಿ ತಂದಿಟ್ಟಿದ್ದ.

ಲಕ್ವ ಹೊಡೆದಾಗಿನಿಂದ ಅಣ್ಣನಿಗೆ ಮಾತಿಲ್ಲ. ಎದುರಿನವರ ಮುಖ ತಿಳಿಯುತ್ತದೆ, ತಾನೇ ಬರೆದ ಅಕ್ಷರ ಕಾಣದು. ಕೈ ಅಭ್ಯಾಸಬಲದಿಂದ ಬರೆಯುತ್ತದೆ. ಬಾಲ್ ಪೆನ್ನು ಒತ್ತಲು ಬೆರಳಲ್ಲಿ ಕಸುವಿಲ್ಲ. ಸ್ಕೆಚ್ ಪೆನ್ನು ಹಿಡಿದರೆ ಅಕ್ಷರದ ಮೇಲೆ ಅಕ್ಷರ ಬಿದ್ದು ಗೋಜಲು. ಈ ಹಳೆಯ ಚಿನ್ನದ ನಿಬ್ಬು ಮಾತ್ರ ಕಾಗದ ಮುಟ್ಟಿದರೆ ಸಾಕು, ಬರೆಯುತ್ತಿತ್ತು. ಆದರೆ ಕರಕರ ಎಂದು ತಡೆಯುತ್ತಿದ್ದುದರಿಂದ 'ಉಪ್ಪು ಕಮ್ಮಿ', 'ಡಾಕ್ಟರೇ, ಕ್ಷೌರ' ಎನ್ನುವಷ್ಟಕ್ಕೇ ಕೈ ಸೋಲುತ್ತಿತ್ತು.

ಇವತ್ತು ಹಾಗಲ್ಲ. ಮೊದಲ ಪದಕ್ಕೇ ಅಣ್ಣ ಕೈ ನಿಲ್ಲಿಸಿ ಕಿವಿಗೊಟ್ಟ. ತಮ್ಮನತ್ತ ನೋಡಿ ಹೆಬ್ಬೆರಳು ಎತ್ತಿದ. ಆಮೇಲೆ ಮಂಡಿಗೆ ಪ್ಯಾಡು ಆನಿಸಿಕೊಂಡು ಒಂದೇ ಸಮನೆ ಬರೆಯತೊಡಗಿದ. ನಡುವೆ ನಕ್ಕಂತೆ ಭುಜ ಕುಲುಕಿತು.

"ನನ್ನ ಮೇಲೇ ಚಾಡಿ ಬರೀತಿದ್ದಾರೆ," ಅತ್ತಿಗೆ ಪಿಸುಗುಟ್ಟಿದಳು. "ಇಷ್ಟು ದಿನದ್ದೆಲ್ಲ ಸೇರಿಸಿ."

"ಬರೀಲಿ ಬಿಡಿ. ನಿಮ್ಮ ಕೈಯಡುಗೆ ತಿಂದವನಿಗೇ ಅದರ ಕಷ್ಟ ಗೊತ್ತು."

ಕೊನೆಯ ಸಾಲಿಗೆ ಬರುವಾಗ ಅಣ್ಣ ತೋಳಿನಿಂದ ಕಣ್ಣೊರೆಸಿಕೊಂಡ. ಹಾಳೆ ಹರಿದು ಮುಂದೆ ಚಾಚಿದ.

ತಮ್ಮ ಹಾಳೆ ತಿರುಗಿಸಿದ. ಮತ್ತೆ ತಿರುಗಿಸಿದ. ಎರಡೂ ಕಡೆ ಹಾಲಿನಷ್ಟು ಬಿಳಿ. ಕಿಟಕಿಯ ಬೆಳಕಿಗೆ ಓರೆ ಹಿಡಿದ. ಆ ಕೈ ಒತ್ತಿದ್ದರಲ್ಲವೇ ಗೀರಾದರೂ ಮೂಡುವುದು?

ಜೇಬಿನಿಂದ ಭೂತಗನ್ನಡಿ ತೆಗೆದು, ಪೆನ್ನನ್ನು ಇಸಿದುಕೊಂಡ. ನಿಬ್ಬಿನ ತುದಿಗೆ ಬೆಸೆದ ಇರಿಡಿಯಂ ಮಣಿ, ಸಾಸಿವೆಗಿಂತ ಚಿಕ್ಕದು, ಬರೆಯುವುದು ಅದೇ. ಉಜ್ಜಿದ ಭರದಲ್ಲಿ ಇಂಕು ಇಳಿಯುವ ಅದರ ಸೀಳಿನ ಅಂಚೆರಡೂ ಒಳಕ್ಕೆ ಉರುಟಾಗಿದ್ದವು. ಇಂಕು ಅಲ್ಲಿಯವರೆಗೆ ಬಂದು, ಕಾಗದ ಮುಟ್ಟದೆ ನಿಂತಿತ್ತು. ಒತ್ತಿದರೆ ಇಳಿಯುತ್ತದೆ, ತಾನು ಒತ್ತಿದ್ದ. ಗಟ್ಟಿಮುಟ್ಟಾದ ಕೈಯಲ್ಲಿ ಬರೆದು ನೋಡಿ ಭೇಷ್ ಅಂದುಕೊಂಡಿದ್ದ. ಇನ್ನಷ್ಟು ಉಜ್ಜಿ ಸರಿಮಾಡೋಣವೆಂದರೆ ಮಣಿಯೇ ಮುಗಿದಿತ್ತು. ಅದರ ಹಿಂದಿರುವುದು ಬರೀ ಮೆತ್ತನೆಯ ಚಿನ್ನ, ನಾಲ್ಕು ಹಾಳೆಗೆ ಸವೆದುಹೋಗುವಂಥದ್ದು.

"ಏನಂತೋ? ಜೋರಾಗಿ ಓದು," ಎನ್ನುತ್ತ ಅತ್ತಿಗೆ ಬಗ್ಗಿ ನೋಡಿದಳು. ಬಾಯಿ ತೆರೆದಂತೆಯೇ ಉಳಿಯಿತು.

ಅಣ್ಣ ಇಬ್ಬರ ಮುಖವನ್ನೂ ನೋಡುತ್ತ ಕಾಯುತ್ತಿದ್ದ. ಓದಿದವನಂತೆ ನಗಬೇಕೋ ಅಳಬೇಕೋ ತಮ್ಮನಿಗೆ ತಿಳಿಯಲಿಲ್ಲ.

ಅತ್ತಿಗೆ ಧೈರ್ಯ ಮಾಡಿ ನಕ್ಕಳು.

ಅಣ್ಣ ಅವಳನ್ನು, ಗುರುತಿಲ್ಲದ ಹೆಂಗಸೊಬ್ಬಳು ಮನೆಯೊಳಗೆ ಬಂದಂತೆ, ನೋಡಿದ.