ಹೊಸ ಚಕ್ರಕ್ಕೆ ಪೂಜೆ

"ಬಿಳಿ ಚಕ್ರ ಗಟ್ಟಿ ತಾತ, ರಸ್ತೇಲಿ ಕಟಕಟ ಅನ್ನುತ್ತೆ. ಹಳದೀದು ಮೆತ್ತಗಿದೆ, ಒತ್ತಿ ನೋಡು," ಎನ್ನುತ್ತ ಮೊಮ್ಮಗಳು ತನ್ನ ಸ್ಕೇಟ್‌ಬೋರ್ಡಿಗೆಂದು ತಂದ ನಾಲ್ಕು ಹಳದಿ ಚಕ್ರಗಳನ್ನು ಆಯುಧಪೂಜೆಯ ತಟ್ಟೆಯಲ್ಲಿ ನಿಂಬೆಹಣ್ಣುಗಳ ಪಕ್ಕ ಇಟ್ಟಳು.

"ಉರುಳೋ ಚಕ್ರಕ್ಕೆ ಬಣ್ಣ ಯಾವುದಾದರೇನು," ಎಂದು ಗೊಣಗಿದ ತಾತ ಒತ್ತಿ ನೋಡಲಿಲ್ಲ. ರಾಹುಕಾಲ ಹತ್ತಿರ ಬಂದಿತ್ತು. ಕನ್ನಡಕ ಹುಡುಕಲೂ ಪುರುಸೊತ್ತಿರಲಿಲ್ಲ. ತಟ್ಟೆಗೆಲ್ಲ ಕುಂಕುಮ ಎರಚಿ, ನಿಂಬೆಹಣ್ಣಿಗೆಂದು ತಡಕಿ, ಕೈಗೆ ಸಿಕ್ಕ ನಾಲ್ಕನ್ನೂ ಹೊಸ ಕಾರಿನ ಗಾಲಿಗಳಡಿ ಇಟ್ಟು, ಮಗನಿಗೆ "ಹೊರಡು" ಎಂದರು.

ಕಾರು ಕುಲುಕಿ ಮುಂದೆ ಹೋಯಿತು. ಒಂದೂ ಪಟ್ ಎನ್ನಲಿಲ್ಲ. ತಾತ ಕೈ ಅಡ್ಡ ಹಿಡಿದು ಕಾರು ನಿಲ್ಲಿಸಿದರು.

"ನಿಂಬೆಹಣ್ಣು ಒಡೀದಿದ್ರೆ ಅಪಶಕುನ ಕಣೋ. ರಿವರ್ಸ್ ತಗೋ."

ಮಗ ಹಿಂದೆ ಬಂದ, ಮತ್ತೆ ಮುಂದೆ ಹೋದ. ಆಗಲೂ ಒಂದೂ ಜಪ್ಪಯ್ಯ ಎನ್ನಲಿಲ್ಲ.

ಅಷ್ಟರಲ್ಲಿ ಮೊಮ್ಮಗಳು ಪೂಜೆಯ ತಟ್ಟೆ ಹಿಡಿದುಕೊಂಡು ಹೊರಗೆ ಬಂದಳು.

"ತಾತ, ನಿಂಬೆಹಣ್ಣೆಲ್ಲ ಇಲ್ಲೇ ಇದೆಯಲ್ಲ, ನನ್ನ ಚಕ್ರ ಎಲ್ಲಿ?"