ಕಾರು ಕಾಣದ ನೆನಪು

ರೇಸ್ ಕಾರುಗಳನ್ನೆಲ್ಲ ಕರಗಿಸಿ ಬಹಳ ಕಾಲವಾಗಿತ್ತು. ಮ್ಯೂಸಿಯಂನಲ್ಲಿ ಉಳಿದದ್ದು ಅವುಗಳನ್ನು ಕಂಡವರ ನೆನಪುಗಳು ಮಾತ್ರ. ಗಾಜಿನ ಮೇಲೆ ಅಂಗೈ ಇಟ್ಟರೆ ಸಾಕು, ಕಣ್ಣೆದುರು ಬರುತ್ತಿದ್ದವು. ನೆನಪನ್ನು ಕೊಟ್ಟವರ ತಲೆಯಲ್ಲಿ ಮಾತ್ರ ಅದು ಉಳಿಯುತ್ತಿರಲಿಲ್ಲ; ಅದರಲ್ಲಿದ್ದ ಮುಖಗಳ ಗುರುತೂ ಅಳಿಸಿಹೋಗುತ್ತಿತ್ತು.

ಮೆಕ್ಯಾನಿಕ್ ಆಗಿದ್ದ ಚೆಲುವಯ್ಯನೂ ತಾನು ನೋಡಿಕೊಳ್ಳುತ್ತಿದ್ದ ಕೆಂಪು ಕಾರಿನ ಕೊನೆಯ ರೇಸನ್ನು ಕೊಟ್ಟು ಮರೆತಿದ್ದ. ಈಗ ಆ ನೆನಪನ್ನು ಅಳಿಸುವ ಮೊದಲು ಒಮ್ಮೆ ನೋಡಿ ಹೋಗಲೆಂದು ಅವನನ್ನೂ ಮಗಳು ರತ್ನಮಾಲಾಳನ್ನೂ ಕರೆಸಿದ್ದರು.

"ಅದ್ರಲ್ಲಿ ಕಾರೇ ಸರಿಯಾಗಿ ಕಾಣಲ್ಲ ಅಂತ ಜನ ಬೈತಾರಮ್ಮಾ, ಅದಕ್ಕೇ ಅಳಿಸ್ತಿರೋದು," ಎಂದ ಕಾವಲುಗಾರ.

ರತ್ನಮಾಲಾ ನಕ್ಕಳು. "ನಮ್ಮಪ್ಪ ಕಾರು ಬಿಟ್ಟು ಬೇರೇನು ನೋಡಿದ್ರು ಹೇಳಿ? ನನ್ನನ್ನೂ ನೋಡ್ಲಿಲ್ಲ. ಕೈ ಇಡಪ್ಪಾ."

ಇಟ್ಟ ಕೈಯನ್ನು ಚೆಲುವಯ್ಯ ಬಹಳ ಹೊತ್ತು ತೆಗೆಯಲಿಲ್ಲ.

"ಕಾರು ಸದ್ದು ಮಾಡ್ಕೊಂಡು ಹೋಯ್ತು ಕಣವ್ವಾ, ನಾನು ನೋಡ್ಲಿಲ್ಲ. ಯಾರ್ದೋ ಮಗು, ಆಯಿಲ್ ಡ್ರಮ್ಮಿನ ಮೇಲೆ ನಿಂತ್ಕೊಂಡು, ಎರಡೂ ಕಿವಿ ಮುಚ್ಕೊಂಡು ನಗ್ತಿತ್ತು. ಅದನ್ನೇ ನೋಡ್ತಾ ನಿಂತ್ಬಿಟ್ಟೆ."

ರತ್ನಮಾಲಾಳಿಗೆ ಆ ಡ್ರಮ್ಮು ನೆನಪಿತ್ತು. ಅಪ್ಪ ತನ್ನ ಕಡೆ ತಿರುಗಿದ್ದು ಮಾತ್ರ ಗೊತ್ತಿರಲಿಲ್ಲ. ಆವತ್ತು ಅವಳ ಕಣ್ಣು ಕಾರಿನ ಮೇಲಿತ್ತು.

"ಅಳಿಸಿಬಿಡ್ಲಾ ಅಮ್ಮಾ?" ಕಾವಲುಗಾರ ಗುಂಡಿಯ ಮೇಲೆ ಬೆರಳಿಟ್ಟ.

ಅವಳು ಅಪ್ಪನ ಪಕ್ಕಕ್ಕೆ ಬಂದು ಗಾಜಿನ ಮೇಲೆ ಅಂಗೈ ಊರಿದಳು.

"ತಡೀರಿ. ನಾನಿನ್ನೂ ನೋಡಿಲ್ಲ."