ಮಸಿಯ ಕೆಳಗಿನ ಮುಖ

ಡಂಕನ್ನರ ಅಂತ್ಯಕ್ರಿಯೆಯ ಮರುದಿನ, ಕ್ಲೈಡ್ ಒಂದು ಹಳೆಯ ಛಾಯಾಚಿತ್ರವನ್ನು ಎದೆಗವಚಿಕೊಂಡು ಟೊರಾಂಟೊದ ಆ ಪುಟ್ಟ ಪತ್ರಿಕಾ ಕಚೇರಿಗೆ ಬಂದರು. ಗಂಡಸನ್ನು ಪ್ರೀತಿಸುವ ಗಂಡಸರಿಗೂ ಒಂದು ಪತ್ರಿಕೆ ಬೇಕೆಂದು, ಯಾರೂ ಬಾಯಿಬಿಡದ ಕಾಲದಲ್ಲಿ ಅದನ್ನು ಹೊರಡಿಸಿದವರು ಡಂಕನ್. ಅವರೊಡನೆ ಮುಪ್ಪಿನವರೆಗೂ ಬಾಳಿದವರು, ನಿವೃತ್ತ ಶಾಲಾ ಶಿಕ್ಷಕರಾದ ಈ ಕ್ಲೈಡ್.

ಈಗಿನ ಸಂಪಾದಕಿ ರೊಸಾಲಿನ್, ಮುಖಪುಟಕ್ಕೆ ಇಬ್ಬರೂ ಒಟ್ಟಿಗಿರುವ ಚಿತ್ರವನ್ನು ಕೇಳಿದ್ದಳು. ಅವರು ಮೇಜಿನ ಮೇಲಿಟ್ಟುದನ್ನು ಬಗ್ಗಿ ನೋಡಿದಳು. ತಮ್ಮಂಥವರ ಮೊದಲ ಮೆರವಣಿಗೆಯಲ್ಲಿ ಡಂಕನ್ ನಗುತ್ತಿದ್ದಾರೆ. ಪಕ್ಕದವನ ಕೈ ಅವರ ಹೆಗಲ ಮೇಲಿದೆ. ಅವನ ಮುಖವಿರಬೇಕಾದಲ್ಲಿ ಬರಿಯ ಕಪ್ಪು ಮಸಿ. ಆಗ ಶಾಲೆಯಲ್ಲಿದ್ದ ಕ್ಲೈಡರಂತೆ, ಗುರುತು ಸಿಕ್ಕರೆ ಕೆಲಸ ಕಳೆದುಕೊಳ್ಳುವವರ ಮುಖಕ್ಕೆ ಅಂದು ಹೀಗೆ ಮಸಿ ಬಳಿಯುತ್ತಿದ್ದರು. ಒಪ್ಪಿಗೆಯನ್ನು ಬಾಯಿಬಿಟ್ಟು ಕೇಳದೆ ಯಾರ ಮುಖವನ್ನೂ ಅಚ್ಚು ಹಾಕಕೂಡದೆಂಬುದು ಡಂಕನ್ನರ ಕಟ್ಟಳೆ. ಇಂದಿಗೂ ಕಚೇರಿಯಲ್ಲಿ ಅದೇ ನಡೆಯುತ್ತಿತ್ತು.

"ನೆಗೆಟಿವ್ ಇರ್ಬೇಕಲ್ಲ, ಮೇಷ್ಟ್ರೇ?"

"ಅವನೇ ಸುಟ್ಟ, ಅಡುಗೆಮನೇಲಿ. ಪೊಲೀಸರು ಬಂದ್ರೆ ಸಿಗಬಾರದು ಅಂತ. ನಿನ್ ಕೆಲಸ ಹೋದ್ರೆ ನನ್ ಪತ್ರಿಕೆಗೆ ಕಾಗದ ಕೊಡ್ಸೋರು ಯಾರಯ್ಯಾ ಅಂತ ನಕ್ಕ."

ಆಮೇಲೆ ಜೊತೆಯಾಗಿ ಒಂದು ಚಿತ್ರ ತೆಗೆಸಿಕೊಳ್ಳೋಣವೆಂದು ಕ್ಲೈಡ್ ಎಷ್ಟೋ ಸಲ ಕೇಳಿದ್ದರಂತೆ. ಈ ಸಂಚಿಕೆಯೊಂದು ಮುಗಿಯಲಿ ಎನ್ನುತ್ತಿದ್ದರಂತೆ ಡಂಕನ್. ಸಂಚಿಕೆಗಳು ಮುಗಿಯಲಿಲ್ಲ, ಅವರು ಮುಗಿದರು.

ಮಸಿಯನ್ನು ಕೆರೆದು ತೆಗೆಯಬಹುದೇನೋ ಎಂದಳು ರೊಸಾಲಿನ್.

"ರಾತ್ರಿ ಒಂದು ಮೂಲೇಲಿ ಕೆರೆದು ನೋಡ್ದೆ. ಮಸಿ ಜೊತೆಗೆ ಕೆನ್ನೇನೂ ಬಂತು."

ಹಾಗಾದರೆ ಡಂಕನ್ ಒಬ್ಬರನ್ನೇ ಕತ್ತರಿಸಿ ಹಾಕುವುದಾಗಿ ಆಕೆ ಅಳುಕುತ್ತಲೇ ಹೇಳಿದಳು. ಹೆಗಲ ಮೇಲಿದ್ದ ಆ ಕೈಯ ಮೇಲೆ ಕ್ಲೈಡ್ ತಮ್ಮ ಕೈಯನ್ನಿಟ್ಟು ಮುಚ್ಚಿಕೊಂಡರು.

"ಕತ್ತರಿಸ್ಬೇಡಮ್ಮ, ಮಸಿ ಇದ್ದ ಹಾಗೇ ಹಾಕು. ಮುಖ ಹಾಕ್ಲಾ ಅಂತ ಊರೋರನ್ನೆಲ್ಲ ಕೇಳ್ದ, ನನ್ನೊಬ್ಬನ್ನ ಮಾತ್ರ ಕೇಳ್ಲಿಲ್ಲ. ಕೇಳಿದ್ರೆ ಹೂಂ ಅಂತೀನಿ ಅಂತ ಅವನಿಗೆ ಗೊತ್ತಿತ್ತು. ನೀನಾದ್ರೂ ಕೇಳು."

ರೊಸಾಲಿನ್ ಎದ್ದು ನಿಂತಳು. ಕಚೇರಿಯ ಪದ್ಧತಿಯಂತೆ, ಒಂದೊಂದು ಮಾತನ್ನೂ ಬಿಡಿಸಿ ಕೇಳಿದಳು: "ನಿಮ್ಮ ಮುಖವನ್ನು ನಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಲು ನಿಮ್ಮ ಒಪ್ಪಿಗೆ ಇದೆಯೇ?"

ಕ್ಲೈಡ್ ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ಕುಳಿತರು. ಚಿತ್ರದ ಆ ಕಪ್ಪನ್ನೇ ನೋಡುತ್ತ, "ಇದೆ" ಎಂದರು.